ಷರಾ ಕಾಲಂನಲ್ಲಿ ಬರೆದದ್ದು

ಶಿವಾಜಿನಗರ, ಬೆಂಗಳೂರು
2 ಫೆಬ್ರವರಿ 2006

ಅನಸೂಯ ಅವರಿಗೆ,

ಎಂಟು ವರ್ಷಗಳ ಮೇಲೆ ಬರೆಯುತ್ತಿದ್ದೇನೆ. ಯೋಗಕ್ಷೇಮ ಕೇಳುವ ಕಾಗದ ಇದಲ್ಲ, ಕೆಲಸದ ಕಾಗದ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ನಿಮ್ಮ ಅಣ್ಣ ವಾದಿರಾಜರು ಸಿಕ್ಕಿದ್ದರು. ಗುಲ್ಬರ್ಗದ ನಿಮ್ಮ ವಿಳಾಸ ಅವರೇ ಕೊಟ್ಟರು. ಬಡ್ತಿಯ ಮೇಲೆ ಹೋಗಿದ್ದೀರಿ ಅಂತಲೂ ಹೇಳಿದರು.

ನಮ್ಮ ‘ಛಾವಣಿ’ ಪತ್ರಿಕೆ ಇನ್ನೂ ಬದುಕಿದೆ. ದಿನಪತ್ರಿಕೆಯಾಗಿದ್ದದ್ದು ಈಗ ವಾರಕ್ಕೊಮ್ಮೆ ಬರುತ್ತದೆ. ಉರ್ದು ಓದುವವರು ಇರುವ ತನಕ ತರುತ್ತೇನೆ ಅಂತ ಅಬ್ಬಾಗೆ ಮಾತು ಕೊಟ್ಟಿದ್ದೆ.

ವಿಷಯಕ್ಕೆ ಬರುತ್ತೇನೆ. ಪ್ರೆಸ್ಸಿನಲ್ಲಿ ಹಾಳೆ ಮಡಚಿ ಕಟ್ಟು ಕಟ್ಟಲು ಜಟ್ಟೆಮ್ಮ ಅನ್ನುವ ಹೆಂಗಸು ಬರುತ್ತಾಳೆ. ಯಾದಗಿರಿ ಕಡೆಯವಳು. ಗಂಡ ಈರೇಶ ಗಾರೆ ಕೆಲಸದವನು. ರಾಮಮೂರ್ತಿ ನಗರದಲ್ಲಿ ಒಂದು ಬಾಡಿಗೆ ರೂಮು. ನಿಮ್ಮ ಕಾರ್ಮಿಕ ವಸತಿ ಮಂಡಳಿ ಅಲ್ಲೇ ಪಕ್ಕದಲ್ಲಿ ಮುನ್ನೂರ ಹನ್ನೆರಡು ಮನೆ ಕಟ್ಟಿಸಿದೆಯಲ್ಲ, ಕೂಲಿಯವರಿಗೆ ಅಂತಲೇ ಕಟ್ಟಿಸಿದ್ದು, ಅವುಗಳಲ್ಲಿ ಹದಿನೆಂಟಕ್ಕೆ ಗೋಡೆ ಎಬ್ಬಿಸಿದವನು ಈರೇಶನೇ. ಬೀಗ ತೆಗೆಯುವುದು ಯಾವಾಗ ಅಂತ ಗಂಡ ಹೆಂಡತಿ ಎರಡು ವರ್ಷ ಕಾದರು. ಡಿಸೆಂಬರ್ ಇಪ್ಪತ್ತಕ್ಕೆ ಜಟ್ಟೆಮ್ಮ ಮಂಡಳಿಯ ಕಚೇರಿಗೆ ಹೋಗಿ ಕೇಳಿದ್ದಾಳೆ.

“ಅರ್ಜಿ ಹಾಕೋ ಡೇಟ್ ಹದಿನೈದಕ್ಕೇ ಮುಗೀತಲ್ಲಮ್ಮ. ಪೇಪರ್‌ನಲ್ಲಿ ಹಾಕಿದ್ವಿ, ನೋಡ್ಲಿಲ್ವಾ?” ಅಂದರಂತೆ.

ಹಾಕಿದ್ದು ನಿಜ. ಎರಡು ಇಂಗ್ಲಿಷ್ ಪತ್ರಿಕೆಗಳಲ್ಲಿ. ಬೇರೆ ಯಾವ ಭಾಷೆಯಲ್ಲೂ ಇಲ್ಲ. ಆ ಸಂಜೆ ಅವಳು ನನ್ನ ಮುಂದೆ ನಿಂತು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. “ಆಪಾ, ನಾ ಐದನೇತ್ತೆ ತನಕ ಸಾಲಿ ಕಲ್ತೀನಿ. ನನಗ ಓದ್ಲಾಕ ಬರ್ತದ. ನಮ್ಮ ಭಾಷಾದಾಗ ಹಾಕಿದ್ರ ನಾ ಓದ್ತಿದ್ದೆ.”

ಬಂದ ಅರ್ಜಿ ನಲವತ್ತೇ. ಉಳಿದ ಇನ್ನೂರ ಎಪ್ಪತ್ತೆರಡು ಮನೆಗೆ ‘ಬೇಡಿಕೆ ಇಲ್ಲ’ ಎಂದು ಷರಾ ಬರೆದು ಮೇ ತಿಂಗಳಲ್ಲಿ ಹರಾಜು ಹಾಕುತ್ತಾರಂತೆ. ಕೊಳ್ಳುವವರು ಯಾರು ಅಂತ ನಾನು ಹೇಳಬೇಕಿಲ್ಲ.

ಹೊಸ ಮಾಹಿತಿ ಹಕ್ಕಿನ ಕಾಯ್ದೆಯಲ್ಲಿ ಅರ್ಜಿ ಹಾಕಿದೆ. ಮಂಡಳಿ ಪತ್ರಿಕಾ ಜಾಹೀರಾತಿಗೆ ಮಾಡಿದ ಖರ್ಚಿನಲ್ಲಿ ಯಾವ ಭಾಷೆಗೆ ಎಷ್ಟು ಹೋಗಿದೆ ಎಂದು ಕೇಳಿದ್ದೆ. ‘ಕೋರಿದ ಮಾಹಿತಿಯನ್ನು ಸದರಿ ನಮೂನೆಯಲ್ಲಿ ನಿರ್ವಹಿಸಿರುವುದಿಲ್ಲ’ ಎಂದು ಒಂದು ಸಾಲಿನ ಉತ್ತರ ಬಂದಿದೆ.

ಆ ಜಾಹೀರಾತು ವಿಭಾಗದಲ್ಲಿ ಹದಿನಾರು ವರ್ಷ ಕೂತವರು ನೀವು. 1998ರಲ್ಲಿ ನಮ್ಮ ಪ್ರೆಸ್ಸಿಗೆ ಬಂದು, ಅಬ್ಬಾ ಕೊಟ್ಟ ಚಹಾ ಕುಡಿದು, ಮರುದಿನ ‘ಪ್ರಸಾರ ಸಾಲದು’ ಎಂದು ವರದಿ ಬರೆದವರೂ ನೀವು. ಜಾಹೀರಾತು ನಿಂತಿತು, ದಿನಪತ್ರಿಕೆ ನಿಂತಿತು, ಮರುವರ್ಷ ಅಬ್ಬಾ ಹೋದರು. ಅದನ್ನೆಲ್ಲ ಕೆದಕಲು ಇದನ್ನು ಬರೆಯುತ್ತಿಲ್ಲ. ಏನು ಕೇಳಬೇಕು, ಹೇಗೆ ಕೇಳಬೇಕು ಅನ್ನುವುದು ನಿಮಗೆ ಗೊತ್ತಿದೆ. ಜಟ್ಟೆಮ್ಮನ ಸಲುವಾಗಿ ಹೇಳಿ, ನನ್ನ ಸಲುವಾಗಿ ಬೇಡ.

ಫಹ್ಮಿದಾ


ಗುಲ್ಬರ್ಗ
11 ಫೆಬ್ರವರಿ 2006

ಫಹ್ಮಿದಾ ಅವರಿಗೆ,

ಹಲಸೂರಿನ ಶಾಲೆಯಲ್ಲಿ ಹತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ‘ನೀವು’ ಎಂದು ಓದುವಾಗ ಬೇರೆ ಯಾರದೋ ಕಾಗದ ನನ್ನ ಕೈಗೆ ಬಂದಿದೆ ಅನ್ನಿಸಿತು. ಆದರೆ ಹಾಗೆ ಕರೆಯುವ ಹಕ್ಕು ನಿಮಗಿದೆ. ನಾನೂ ಹಾಗೆಯೇ ಬರೆಯುತ್ತೇನೆ.

ನಾನು ಇನ್ನೂ ಮಂಡಳಿಯ ನೌಕರಳು. ಕಚೇರಿಯ ಕಾಗದವನ್ನು ಹೊರಗೆ ಕೊಡುವುದಿಲ್ಲ. ಆದರೆ ಒಂದು ಪುಸ್ತಕದ ಹೆಸರು ಹೇಳಿದರೆ ಅದು ಗುಟ್ಟಲ್ಲ.

ಖರ್ಚು ಎಷ್ಟು ಎಂದು ಕೇಳಬೇಡಿ. ಲೆಕ್ಕ ಹಾಕಿ ಕೊಡುವ ಹೊಣೆ ಅವರದಲ್ಲ, ಅದಕ್ಕೇ ಹಾಗೆ ಉತ್ತರ ಬಂದಿದೆ. ‘ಜಾಹೀರಾತು ಬಿಡುಗಡೆ ವಹಿ’ ಅಂತ ಒಂದು ಪುಸ್ತಕ ಇದೆ. ಪತ್ರಿಕೆಗೆ ಹೋಗುವ ಪ್ರತಿ ಪ್ರಕಟಣೆಗೂ ಅದರಲ್ಲಿ ಒಂದು ಸಾಲು. ಪತ್ರಿಕೆಯ ಹೆಸರು, ಅಳತೆ, ದರ, ಮೊತ್ತ ಎಲ್ಲ ಇರುತ್ತದೆ. ಏಳನೆಯ ಕಾಲಂ ಭಾಷೆ. 2003ರ ಏಪ್ರಿಲ್‌ನಿಂದ 2005ರ ಡಿಸೆಂಬರ್‌ವರೆಗಿನ ವಹಿಯನ್ನು ಖುದ್ದಾಗಿ ನೋಡಲು ಅವಕಾಶ ಬೇಕು ಎಂದು ಬರೆಯಿರಿ. ದಾಖಲೆ ಪರಿಶೀಲಿಸುವ ಹಕ್ಕು ಕಾಯ್ದೆಯಲ್ಲಿಯೇ ಇದೆ, ಇಲ್ಲ ಎನ್ನಲು ಬರುವುದಿಲ್ಲ. ಕೂಡುವ ಕೆಲಸ ನೀವೇ ಮಾಡಿಕೊಳ್ಳಿ.

ಎಂಟನೆಯದು ಷರಾ ಕಾಲಂ, ಗುಮಾಸ್ತರು ಟಿಪ್ಪಣಿ ಬರೆಯುವ ಜಾಗ. ಅದು ನಿಮಗೆ ಬೇಕಾಗುವುದಿಲ್ಲ. ಅದನ್ನು ಬಿಟ್ಟುಬಿಡಿ.

ಇಲ್ಲಿ ಈಗಲೇ ಬಿಸಿಲು ಏರುತ್ತಿದೆ. ಯಾದಗಿರಿ ಕಡೆಯ ರೈಲಿಗೆ ಕಾಯುವ ಜನರನ್ನು ದಿನವೂ ನೋಡುತ್ತೇನೆ. ಅರ್ಧಕ್ಕರ್ಧ ಮಂದಿ ಬೆಂಗಳೂರಿಗೆ ದುಡಿಯಲು ಹೊರಟವರು.

ಅನಸೂಯ


ಶಿವಾಜಿನಗರ
26 ಮಾರ್ಚ್ 2006

ಅನು,

ನಿನ್ನನ್ನು ‘ನೀವು’ ಎಂದು ಕರೆಯುವುದು ಇನ್ನು ನನ್ನಿಂದ ಆಗದು. ಯಾಕೆ ಅಂತ ಹೇಳುತ್ತೇನೆ, ಕೊನೆಯ ತನಕ ಓದು.

ನೀನು ಹೇಳಿದ ಹಾಗೆಯೇ ಅರ್ಜಿ ಬರೆದೆ. ಅನುಮತಿ ಬಂತು. ಇಂದಿರಾನಗರದ ಕಚೇರಿಗೆ ನಾನು, ಜಟ್ಟೆಮ್ಮ ಇಬ್ಬರೂ ಹೋದೆವು. ಅಲ್ಲಿನ ಸೂಪರಿಂಟೆಂಡೆಂಟ್ ಸಂಜೀವಪ್ಪನವರು ಮೂರು ದಪ್ಪ ವಹಿಗಳನ್ನು ಮೇಜಿನ ಮೇಲೆ ಧಡಕ್ಕನೆ ಇಟ್ಟರು.

“ಝೆರಾಕ್ಸ್ ಮಿಷನ್ ಕೆಟ್ಟೋಗಿದೆ ಮೇಡಂ. ನೋಡ್ಕೊಂಡ್ ಹೋಗ್ಬೇಕು, ಅಷ್ಟೇ.”

“ಕೈಯಲ್ಲೇ ಬರ್ಕೋತೀವಿ ಸಾರ್.”

“ಮೂರು ಪುಸ್ತಕ ಇದೆ!”

“ಹಂಗಾದ್ರೆ ಮೂರು ದಿನ ಬರ್ತೀವಿ.”

ನಾನು ಸಾಲು ಓದಿ ಹೇಳುತ್ತಿದ್ದೆ, ಜಟ್ಟೆಮ್ಮ ಬರೆದುಕೊಳ್ಳುತ್ತಿದ್ದಳು. ಅವಳ ಅಂಕಿಗಳು ಮುತ್ತಿನ ಹಾಗಿವೆ. ಎರಡನೆಯ ದಿನ ಸಂಜೀವಪ್ಪನವರು ಅವಳಿಗೆ ಕೂರಲು ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿದರು. ಮೂರನೆಯ ದಿನ ಕಾಫಿ ತರಿಸಿದರು.

ಎರಡು ಮುಕ್ಕಾಲು ವರ್ಷದಲ್ಲಿ ಜಾಹೀರಾತಿಗೆ ಹೋದದ್ದು ಒಂದು ಕೋಟಿ ಹದಿನೆಂಟು ಲಕ್ಷ. ಅದರಲ್ಲಿ ಇಂಗ್ಲಿಷಿಗೆ ಒಂದು ಕೋಟಿ ಒಂಬತ್ತು. ಕನ್ನಡಕ್ಕೆ ಎಂಟು ಲಕ್ಷ. ಉರ್ದು, ತಮಿಳು, ತೆಲುಗು ಮೂರೂ ಸೇರಿ ಒಂದು. ಕೂಲಿಯವರಿಗೆ ಮನೆ ಕಟ್ಟುವ ಮಂಡಳಿ ಇದು! ಜಟ್ಟೆಮ್ಮ ಇನ್ನೊಮ್ಮೆ ಮೊದಲಿನಿಂದ ಕೂಡಿ ನೋಡಿದಳು, ಅಷ್ಟೇ ಬಂತು.

ಈಗ ಷರಾ ಕಾಲಂ. ನೋಡಬೇಡ ಅಂದೆಯಲ್ಲ, ನೋಡಿದೆ. ಮೊದಲ ಪುಟದಲ್ಲೇ ಎಡಕ್ಕೆ ವಾಲಿದ ಆ ಅಕ್ಷರ ಗುರುತು ಸಿಕ್ಕಿತು. ಏಳನೆಯ ತರಗತಿಯಲ್ಲಿ ನನ್ನ ಪ್ರಬಂಧಗಳನ್ನೆಲ್ಲ ಬರೆದುಕೊಟ್ಟ ಅಕ್ಷರ. ‘ಈ ಪ್ರಕಟಣೆ ಕನ್ನಡ, ಉರ್ದು, ತಮಿಳು ಪತ್ರಿಕೆಗಳಿಗೂ ಹೋಗಬೇಕು. ಅ.’ ಅದರ ಮೇಲೆ ಕೆಂಪು ಶಾಯಿಯ ಗೀಟು. ಮುಂದಿನ ಪುಟದಲ್ಲಿ ಅದೇ ಮಾತು, ಅದೇ ಗೀಟು. ಎಣಿಸಿದೆ. ನಲವತ್ತಮೂರು ಸಲ ಬರೆದಿದ್ದೀಯ, ನಲವತ್ತಮೂರು ಸಲವೂ ಹೊಡೆದು ಹಾಕಿದ್ದಾರೆ. 2004ರ ಜೂನ್ ಆದ ಮೇಲೆ ಆ ಕಾಲಂ ಖಾಲಿ.

ಸಂಜೀವಪ್ಪನವರು ನನ್ನ ಬೆನ್ನ ಹಿಂದೆ ನಿಂತಿದ್ದರು. ಮೆಲ್ಲಗೆ ಅಂದರು, “ಅನಸೂಯ ಮೇಡಂ ಬರೆದಿದ್ದು. ಬೇಡಿ ಮೇಡಂ, ಸುಮ್ನೆ ಎದುರು ಹಾಕ್ಕೋಬೇಡಿ ಅಂತ ನಾನೇ ಎಷ್ಟೋ ಸಲ ಹೇಳ್ದೆ. ಕೇಳ್ಲಿಲ್ಲ. ಕೊನೆಗೆ ಗುಲ್ಬರ್ಗಕ್ಕೆ ಎತ್ತಿ ಹಾಕಿದ್ರು. ಬಡ್ತಿ ಗಿಡ್ತಿ ಏನಿಲ್ಲ.”

ಬಡ್ತಿ ಅಂತ ನಿಮ್ಮ ಅಣ್ಣನಿಗೂ ಸುಳ್ಳು ಹೇಳಿದ್ದೀಯ. ನಾನು ಇಲ್ಲಿ ನಿನ್ನ ಮೇಲೆ ಸಿಟ್ಟು ಸಾಕಿಕೊಂಡಿದ್ದಾಗ ನೀನು ಅಲ್ಲಿ ಕೂತು ಇದನ್ನು ಬರೆಯುತ್ತಿದ್ದೆ. ಯಾಕೆ ಹೇಳಲಿಲ್ಲ, ಅನು?

ಫಹ್ಮಿದಾ


ಗುಲ್ಬರ್ಗ
3 ಏಪ್ರಿಲ್ 2006

ಪ್ರೀತಿಯ ಫಹ್ಮಿದಾ,

ಹೇಳಲು ಬಾಯಿ ಬರಲಿಲ್ಲ, ಅಷ್ಟೇ.

ಅಂದು ನಾನು ಪ್ರೆಸ್ಸಿಗೆ ಬಂದದ್ದು ಕಚೇರಿಯ ಕೆಲಸದ ಮೇಲೆ. ಅದನ್ನು ಬಾಗಿಲಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಅಬ್ಬಾ “ಆವೋ ಬೇಟಿ” ಎಂದು ಒಳಗೆ ಕರೆದರು. ಚಹಾ ಕುಡಿಯುತ್ತ, ಅವರು ಹೇಳುತ್ತಿದ್ದ ಮಾತಿಗೆ ತಲೆಯಾಡಿಸುತ್ತ, ಗೋಡೆಗೆ ಒರಗಿಸಿದ್ದ ಕಟ್ಟುಗಳನ್ನು ಎಣಿಸಿದೆ. ಆರುನೂರ ನಲವತ್ತು ಪ್ರತಿ. ನಿಯಮಕ್ಕೆ ಎರಡು ಸಾವಿರ ಬೇಕಿತ್ತು. ನಾನು ಬರೆದ ಸಂಖ್ಯೆ ಸುಳ್ಳಲ್ಲ. ಆದರೆ ಮಗಳ ಹಾಗೆ ಒಳಗೆ ಬಂದು ಅಧಿಕಾರಿಯ ಹಾಗೆ ಎಣಿಸಿದೆ. ಅದಕ್ಕೆ ಕ್ಷಮೆ ಕೇಳುತ್ತೇನೆ. ಅವರಲ್ಲಿ ಕೇಳಬೇಕಿತ್ತು, ತಡವಾಯಿತು.

ಮುಂದಿನ ವಾರ, ಮಂಡಳಿ ಜಾಹೀರಾತು ಕೊಡುವ ಪತ್ರಿಕೆಗಳ ಪಟ್ಟಿ ಟೈಪ್ ಮಾಡುವಾಗ ಕಣ್ಣು ತೆರೆಯಿತು. ಮುನ್ನೂರು ಪ್ರತಿಯೂ ಅಚ್ಚಾಗದ ಒಂದು ಇಂಗ್ಲಿಷ್ ಪತ್ರಿಕೆ ಪಟ್ಟಿಯಲ್ಲಿ ಹಾಗೇ ಉಳಿದಿತ್ತು. ಅದನ್ನು ಎಣಿಸಲು ಯಾರನ್ನೂ ಕಳಿಸಿರಲಿಲ್ಲ. ಎಣಿಸಿದ್ದು ನಿಮ್ಮಂಥವರನ್ನು ಮಾತ್ರ. ಅವತ್ತಿನಿಂದ ಷರಾ ಬರೆಯಲು ಶುರು ಮಾಡಿದೆ. ನೀನು ನೋಡಿದ್ದು ನಲವತ್ತಮೂರು. ಅದಕ್ಕೆ ಮುಂಚಿನ ವಹಿಗಳಲ್ಲಿಯೂ ಇವೆ.

ಈಗ ಕೆಲಸದ ಮಾತು. ಲೆಕ್ಕ ಮುಂದಿಟ್ಟರೆ ಮಂಡಳಿ ತಲೆ ತಗ್ಗಿಸಬಹುದು, ಹರಾಜು ನಿಲ್ಲಿಸುವುದಿಲ್ಲ. ನಿಲ್ಲಿಸಲು ಅವರದೇ ನಿಯಮ ಬೇಕು. 1989ರ ಸುತ್ತೋಲೆ, ಕಲಂ ಹದಿನಾಲ್ಕು. ಅಚ್ಚಾದ ಕೈಪಿಡಿಯಲ್ಲಿದೆ, ಯಾರು ಬೇಕಾದರೂ ಕೊಳ್ಳಬಹುದು. ‘ಪ್ರಕಟಣೆಯು ಯಾರ ಸಲುವಾಗಿ ಹೊರಡಿಸಲ್ಪಟ್ಟಿದೆಯೋ ಅವರು ಓದಬಲ್ಲ ಭಾಷೆಯ ಪತ್ರಿಕೆಗಳಲ್ಲಿ ಪ್ರಕಟವಾಗತಕ್ಕದ್ದು.’ ಹದಿನೇಳು ವರ್ಷದಿಂದ ಯಾರೂ ಅದನ್ನು ತೆರೆದು ಓದಿಲ್ಲ. ಹರಾಜಿಗೆ ಮುಂಚೆ ಮೇ ಹತ್ತಕ್ಕೆ ಆಕ್ಷೇಪಣೆ ಕೇಳುವ ಸಭೆ ಇದೆ. ಹೊಸ ಅಧ್ಯಕ್ಷೆ ಬಂದಿದ್ದಾರೆ, ಪ್ರಿಯದರ್ಶಿನಿ ಅಂತ. ಕಾಗದ ಓದುವ ಅಧಿಕಾರಿ ಎಂದು ಕೇಳಿದ್ದೇನೆ.

ಒಬ್ಬಳೇ ಹೋಗಬೇಡ. ಜನ ಇರಲಿ.

ನಿನ್ನ
ಅನು


ಶಿವಾಜಿನಗರ
12 ಮೇ 2006

ಅನು, ನನ್ನ ಅನು,

ಗೆದ್ದೆವು! ಮೊದಲು ಅದನ್ನು ಬರೆದುಬಿಡುತ್ತೇನೆ. ಉಳಿದದ್ದನ್ನು ಉಸಿರು ತೆಗೆದುಕೊಂಡು ಹೇಳುತ್ತೇನೆ.

ಹಲಸೂರಿನ ಪಿಳ್ಳಪ್ಪನವರು ನಿನಗೆ ನೆನಪಿರಬೇಕು. ಒಂದೇ ಶೆಡ್ಡಿನಿಂದ ಕನ್ನಡದಲ್ಲೊಂದು, ತಮಿಳಿನಲ್ಲೊಂದು ವಾರಪತ್ರಿಕೆ ತರುತ್ತಾರೆ. ಅವರ ಹತ್ತಿರ ಹೋಗಿ ಲೆಕ್ಕದ ಹಾಳೆ ತೋರಿಸಿದೆ. ಕನ್ನಡಕ ಹಣೆಗೇರಿಸಿ, “ಇಷ್ಟು ವರ್ಷ ನನ್ ಪೇಪರ್ರೇ ಸರಿ ಇಲ್ಲ ಅನ್ಕೊಂಡಿದ್ನಲ್ಲಮ್ಮ” ಅಂದರು. ಏಪ್ರಿಲ್ ಇಪ್ಪತ್ತಮೂರರ ಭಾನುವಾರ ಮೂರು ಪತ್ರಿಕೆಗಳ ಮುಖಪುಟದಲ್ಲೂ ಒಂದೇ ಸುದ್ದಿ. ಮೇಲೆ ಮಂಡಳಿಯ ಆ ಇಂಗ್ಲಿಷ್ ಪ್ರಕಟಣೆಯ ಪೂರ್ತಿ ಅನುವಾದ, ಕೆಳಗೆ ಯಾವ ಭಾಷೆಗೆ ಎಷ್ಟು ಅನ್ನುವ ಲೆಕ್ಕ, ಅದರ ಕೆಳಗೆ ನಿನ್ನ ಕಲಂ ಹದಿನಾಲ್ಕು. ಮಂಡಳಿ ಕೊಡದ ಜಾಹೀರಾತನ್ನು ನಾವೇ ಪುಕ್ಕಟೆ ಹಾಕಿದೆವು.

ಎರಡು ಸಲ ಮತ್ತೆ ಅಚ್ಚು ಹಾಕಬೇಕಾಯಿತು. ಜಟ್ಟೆಮ್ಮ ನಾಲ್ಕು ಕಟ್ಟು ಹೊತ್ತುಕೊಂಡು ಬಸ್ ಹತ್ತಿದಳು. ಬೆಳಿಗ್ಗೆ ಬಾಣಸವಾಡಿಯಲ್ಲಿ ಕೂಲಿಗೆ ಕಾದು ನಿಲ್ಲುವವರ ನಡುವೆ ನಿಂತು ಗಟ್ಟಿಯಾಗಿ ಓದಿ ಹೇಳಿದಳಂತೆ. ಬಿಳಿ ಹಾಳೆಯ ಮೇಲೆ ಅರ್ಜಿ ಬರೆಸಿಕೊಂಡು ಜನ ಪ್ರೆಸ್ಸಿಗೆ ಬರತೊಡಗಿದರು. ಗಾರೆಯವರು, ಹಮಾಲರು, ಹೊಲಿಗೆಯವರು, ಮನೆಗೆಲಸದವರು. ಸಭೆಯ ದಿನದ ಹೊತ್ತಿಗೆ ಸಾವಿರದ ಮುನ್ನೂರ ಎಂಬತ್ತಾರು ಅರ್ಜಿ. ‘ಬೇಡಿಕೆ ಇಲ್ಲ’ ಅಂದಿದ್ದರಲ್ಲ!

ಸಭೆಯಲ್ಲಿ ಒಬ್ಬ ಸದಸ್ಯರು ನಮ್ಮ ಮೇಲೆ ಹಾರಿಬಿದ್ದರು. “ದೊಡ್ಡ ಪೇಪರ್‌ನಲ್ಲೇ ಹಾಕಿದೀವಿ. ನೋಡ್ಕೊಳ್ಳೋದು ಜನರ ಜವಾಬ್ದಾರಿ ಅಲ್ವೇನ್ರಿ?”

ಜಟ್ಟೆಮ್ಮ ಎದ್ದಳು. ನೇರ ಅವರ ಮೇಜಿನ ಹತ್ತಿರ ಹೋಗಿ ‘ಛಾವಣಿ’ಯನ್ನು ಮುಂದಿಟ್ಟಳು.

“ಸಾಹೇಬ್ರ, ಇದರಾಗೂ ಹಾಕ್ಯಾರ್ರಿ. ಓದ್ರಿ.”

ಆತ ಪತ್ರಿಕೆಯನ್ನು ಆ ಕಡೆ ಈ ಕಡೆ ತಿರುಗಿಸಿದರು. “ಇದು ಉರ್ದು. ನನಗೆ ಬರಲ್ಲ.”

“ಹೌದಲ್ರಿ? ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ರಿ. ನಮಗೂ ಹಿಂಗೇ ಆಯ್ತರಿ.”

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಸಂಜೀವಪ್ಪನವರು ಕಿಟಕಿಯ ಹೊರಗೆ ನೋಡುತ್ತ ನಗು ತಡೆದುಕೊಂಡರು.

ಆಗ ಅಧ್ಯಕ್ಷೆ ಪ್ರಿಯದರ್ಶಿನಿ ಒಂದು ರಿಜಿಸ್ಟರ್ಡ್ ಲಕೋಟೆ ತೆರೆದರು. “ಗುಲ್ಬರ್ಗದ ನಮ್ಮ ಕಚೇರಿಯ ನೌಕರರೊಬ್ಬರು ನನ್ನ ಹೆಸರಿಗೆ ಬರ್ದಿದ್ದಾರೆ. ಓದ್ತೀನಿ” ಅಂದರು. ‘ವಹಿಯ ಷರಾ ಕಾಲಂನಲ್ಲಿ ಗೀಟು ಎಳೆದಿರುವ ಟಿಪ್ಪಣಿಗಳು ನನ್ನವು. ಅವುಗಳನ್ನು ನಾನು ಹಿಂತೆಗೆದುಕೊಂಡಿಲ್ಲ. ಇಂದಿಗೂ ನನ್ನ ಅಭಿಪ್ರಾಯ ಅದೇ. ಎ. ಅನಸೂಯ, ಪ್ರಥಮ ದರ್ಜೆ ಸಹಾಯಕಿ.’

ನನಗೆ ಒಂದು ಮಾತೂ ಹೇಳದೆ ಕಳಿಸಿದ್ದೀಯ. ಕೆಲಸಕ್ಕೆ ಸಂಚಕಾರ ಬಂದಿದ್ದರೆ? ಕಣ್ಣು ಮಂಜಾಗಿ ಮುಂದಿನ ಐದು ನಿಮಿಷ ಏನಾಯಿತು ಅಂತ ನನಗೆ ಕಾಣಲೇ ಇಲ್ಲ. ಜಟ್ಟೆಮ್ಮ ಮೊಳಕೈಯಿಂದ ತಿವಿದು, “ಆಪಾ, ಕೇಳ್ರಿ, ಹರಾಜ್ ರದ್ದ್ ಅಂದ್ರು” ಎಂದಾಗ ಎಚ್ಚರವಾಯಿತು.

ಹರಾಜು ರದ್ದು. ಕನ್ನಡ, ಉರ್ದು, ತಮಿಳು, ತೆಲುಗು ಪತ್ರಿಕೆಗಳಲ್ಲಿ ಹೊಸ ಪ್ರಕಟಣೆ, ನಲವತ್ತೈದು ದಿನದ ಗಡುವು. ಬಿಳಿ ಹಾಳೆಯ ಅರ್ಜಿಗಳೂ ಲೆಕ್ಕಕ್ಕೆ. ಇನ್ನು ಮುಂದೆ ಪ್ರತಿ ವರ್ಷ ಯಾವ ಭಾಷೆಯ ಜಾಹೀರಾತಿಗೆ ಎಷ್ಟು ಹೋಯಿತು ಎಂದು ಮಂಡಳಿಯ ಬಾಗಿಲಲ್ಲೇ ಬರೆದು ತೂಗುಹಾಕಬೇಕು. ಅಷ್ಟೂ ಆದೇಶ ಅಲ್ಲೇ ಆಯಿತು.

ಹೊರಗೆ ಬಂದರೆ ರಸ್ತೆ ತುಂಬ ನಮ್ಮ ಜನ. ಪಿಳ್ಳಪ್ಪನವರು ಆಟೊ ನಿಲ್ಲಿಸಿ, ರಸೆಲ್ ಮಾರ್ಕೆಟ್ಟಿಗೆ ಹೋಗಿ ಎರಡು ಬುಟ್ಟಿ ಸಿಹಿ ತಂದು ಹಂಚಿದರು. ಮರುದಿನ ಬೆಳಿಗ್ಗೆ ನಾನು ಅಬ್ಬಾನ ಸಮಾಧಿಗೆ ಹೋಗಿದ್ದೆ. ನಿನ್ನ ಕ್ಷಮೆಯ ಕಾಗದವನ್ನು ಅಲ್ಲಿ ಕೂತು ಅವರಿಗೆ ಓದಿ ಹೇಳಿದೆ. ತಡವಾಗಿಲ್ಲ, ಅನು.

ನಿನ್ನ
ಫಹ್ಮಿದಾ


ಗುಲ್ಬರ್ಗ
20 ಜೂನ್ 2006

ಫಹ್ಮಿದಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆ ಎಂದು ಕೇಳಬೇಡ.

ಅಧ್ಯಕ್ಷೆಗೆ ಬರೆದದ್ದಕ್ಕೆ ಇಲ್ಲಿನ ಮೇಲಧಿಕಾರಿ ಮೆಮೊ ಕೊಟ್ಟಿದ್ದರು, ಅನುಮತಿಯಿಲ್ಲದೆ ಪತ್ರ ವ್ಯವಹಾರ ಎಂದು. ‘ಬರೆದದ್ದು ನಿಜ’ ಎಂದು ಒಂದೇ ಸಾಲಿನ ಉತ್ತರ ಕೊಟ್ಟೆ. ಮೊನ್ನೆ ಮೆಮೊ ವಾಪಸ್ಸಾಯಿತು. ಅದರ ಜೊತೆ ಇನ್ನೊಂದು ಆದೇಶವೂ ಬಂತು. ಆಗಸ್ಟ್ ಒಂದರಿಂದ ಬೆಂಗಳೂರಿನ ಜಾಹೀರಾತು ವಿಭಾಗಕ್ಕೆ, ಮುಖ್ಯಸ್ಥೆಯಾಗಿ. ಹೊಸ ಪಟ್ಟಿಯ ನಿಯಮ ನಾನೇ ಬರೆಯಬೇಕಂತೆ. ಮೊದಲ ನಿಯಮ ಬರೆದಾಗಿದೆ. ಎಣಿಸುವುದಾದರೆ ಎಲ್ಲರನ್ನೂ ಎಣಿಸಬೇಕು, ಬಾಗಿಲಲ್ಲೇ ಹೇಳಿ ಎಣಿಸಬೇಕು. ಈ ಸಲ ಅಣ್ಣ ವಾದಿರಾಜನಿಗೆ ಬಡ್ತಿ ಎಂದು ಧೈರ್ಯವಾಗಿ ಹೇಳಿದ್ದೇನೆ.

ಆದರೆ ನಿನಗೆ ಹೇಳಬೇಕಾದ್ದು ಬೇರೆ. ಕಳೆದ ಸೋಮವಾರ ಬಸ್ ನಿಲ್ದಾಣದ ಚಹಾ ಹೋಟೆಲಿನಲ್ಲಿ ಕೂತಿದ್ದೆ. ಭಗವಂತರಾಯ ಅಂತ ಒಬ್ಬ ಹಿರಿಯರು ಕನ್ನಡ ಪತ್ರಿಕೆ ಹಿಡಿದು ಸುತ್ತಲಿನವರಿಗೆ ಗಟ್ಟಿಯಾಗಿ ಓದುತ್ತಿದ್ದರು. ನಮ್ಮ ಮಂಡಳಿಯ ಪ್ರಕಟಣೆ! ರಾಮಮೂರ್ತಿ ನಗರದ ಮನೆಗಳದು. ಓದಿ ಮುಗಿಸಿ ಎದ್ದರು. “ಏ, ನನ ಮಗ ಭೀಮು ಅಲ್ಲೇ ಅದಾನ. ಫೋನ್ ಹಚ್ಚಿ ಹೇಳ್ತೀನಿ” ಎಂದು ಎಸ್‌ಟಿಡಿ ಬೂತಿಗೆ ಓಡಿದರು. ಅವರ ಹಿಂದೆ ಇನ್ನೂ ನಾಲ್ಕು ಜನ ಸಾಲು ನಿಂತರು. ಐದೂ ಮಂದಿ ಬೆಂಗಳೂರಿಗೇ ಫೋನು. “ಅರ್ಜಿ ಹಾಕ್ರೋ, ಪೇಪರ್‌ನ್ಯಾಗ ಬಂದದ” ಎಂದು ಕೂಗುವುದು ರಸ್ತೆಗೆ ಕೇಳುತ್ತಿತ್ತು. ಹದಿನೆಂಟು ವರ್ಷದ ನೌಕರಿಯಲ್ಲಿ ನಾನು ಬಿಡುಗಡೆ ಮಾಡಿದ ಒಂದು ಜಾಹೀರಾತನ್ನೂ ಜನ ಹೀಗೆ ಓದುವುದನ್ನು ಕಂಡಿರಲಿಲ್ಲ. ಚಹಾ ಆರಿಹೋಯಿತು. ಇನ್ನೊಂದು ಹೇಳಿದೆ.

ನಿನ್ನ
ಅನು


ರಾಮಮೂರ್ತಿ ನಗರ
19 ನವೆಂಬರ್ 2006

ಅನು,

ಒಂದೇ ಊರಿನಲ್ಲಿದ್ದೂ ನಿನಗೆ ಕಾಗದ ಬರೆಯುತ್ತಿದ್ದೇನೆ. ನಿಯಮಾವಳಿಯ ಕೆಲಸ ಎಂದು ದೆಹಲಿಗೆ ಓಡಿಹೋದವಳು ನೀನು, ಅನುಭವಿಸು. ಮನೆ ಹಂಚಲು ಚೀಟಿ ಎತ್ತಿದ ದಿನ ಇರಲಿಲ್ಲ, ಈವತ್ತೂ ಇಲ್ಲ. ಇನ್ನೂರ ಎಪ್ಪತ್ತೆರಡು ಮನೆಯ ಬೀಗವೂ ತೆಗೆದಾಯಿತು. ಚೀಟಿಯಲ್ಲಿ ಹೆಸರು ಬಾರದವರಿಗೆ ಎರಡನೆಯ ಹಂತದ ಮನೆಗಳಲ್ಲಿ ಮೊದಲ ಸರದಿ ಎಂದು ಪ್ರಿಯದರ್ಶಿನಿ ಬರೆದುಕೊಟ್ಟಿದ್ದಾರೆ. ಬಾಣಂತಿಯರು, ಮುದುಕರು, ಕೋಳಿಯ ಪಂಜರ ಹೊತ್ತವರು, ಎಲ್ಲ ಬಂದು ತುಂಬಿಕೊಂಡಿದ್ದಾರೆ. ಒಂದು ಬಾಗಿಲಲ್ಲಿ ಉರ್ದು ಹೆಸರು, ಪಕ್ಕದ್ದರಲ್ಲಿ ತಮಿಳು, ಅದರಾಚೆ ಕನ್ನಡ. ನೋಡುತ್ತ ನಡೆದರೆ ನಮ್ಮ ಮೂರು ಪತ್ರಿಕೆಯನ್ನು ಒಟ್ಟಿಗೆ ಹರಡಿ ಓದಿದ ಹಾಗಿದೆ.

ನಾನು ಈಗ ಕೂತಿರುವುದು ಜಟ್ಟೆಮ್ಮನ ಮನೆಯಲ್ಲಿ. ಹಾಲು ಉಕ್ಕಿಸಿ ಆಯಿತು, ಊಟವಾಯಿತು. ಅವಳು ನನ್ನ ಪೆನ್ನಿನ ಕಡೆಗೇ ನೋಡುತ್ತಿದ್ದಾಳೆ. ಉಳಿದದ್ದನ್ನು ಅವಳೇ ಬರೆಯಲಿ.

ಫಹ್ಮಿದಾ

ಅನಸೂಯಕ್ಕಾರಿಗೆ ಶರಣ್ರಿ. ನಾ ಜಟ್ಟೆಮ್ಮ ಬರೀಲಾಕತ್ತೀನ್ರಿ. ತಪ್ಪಿದ್ರ ತಿದ್ದಿಕೊಂಡು ಓದ್ರಿ. ಮನಿ ಚೊಲೋ ಅದರಿ. ಕಿಟಕಿದಾಗ ಮುಂಜಾನೆ ಬಿಸಲು ಬರ್ತದ. ಈರೇಶ ಮುಂಜಾನಿಂದ ಗೋಡಿ ಮ್ಯಾಲೆ ಕೈ ಆಡಿಸಿಕೋತ ತಿರಗ್ಯಾಡ್ಲಾಕತ್ತಾನ್ರಿ. ಮಂದಿ ಮನಿ ಕಟ್ಟಿ ಕಟ್ಟಿ ಬಿಟ್ಟು ಬಂದಾಂವ, ಈಗ ಹೊರಗ ಹೋಗಂದ್ರ ಒಲ್ಲೆ ಅಂತಾನ.

ಹನ್ನೊಂದ್ ವರ್ಷದಾಗ ಏಳು ರೂಮ್ ಬದಲ್ ಮಾಡೀವ್ರಿ. ನಮ್ಮವ್ವ ಊರಿಂದ ಬರೆಸಿದ ಕಾಗದ ಒಂದೂ ನನ್ನ ಕೈಗಿ ಮುಟ್ಟಿಲ್ರಿ. ಈಗ ಹಂಗಿಲ್ಲ. ನಿನ್ನಿ ಪೋಸ್ಟಿನಾಂವ ಬಂದು ಹೆಸರು ಕೇಳಿ ಬರ್ಕೊಂಡು ಹೋದ. ನಂದೂ ಒಂದು ವಿಳಾಸ ಅದರಿ ಅಕ್ಕಾ. ಕೆಳಗ ಬರ್ದೀನಿ. ನೀವೂ ಒಂದು ಕಾಗದ ಹಾಕ್ರಿ, ಕನ್ನಡದಾಗ. ನಾನೇ ಓದ್ತೀನಿ.

ಜಟ್ಟೆಮ್ಮ ಈರೇಶ
ಮನಿ ನಂಬರ 58, ಮೂರನೇ ಬ್ಲಾಕು
ಕಾರ್ಮಿಕರ ಮನಿಗೋಳು
ರಾಮಮೂರ್ತಿ ನಗರ, ಬೆಂಗಳೂರು